ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಉಪಕಾರ ಹ್ಯಾಂಗ ನೆನೀಬೇಕು? ಕಲಬುರಗಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ವಾರ್ಡುಗಳಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ಈಗಿನವರಿಗೆ ನರ್ಸಿಂಗ್ ಆಫೀಸರ್ ಅಂತ ಹೆಸರು ಬಂದಿದೆ, ನಮ್ಮನ್ನು ಊರೆಲ್ಲ ಸಿಸ್ಟರ್ ಅನ್ನುತ್ತಿತ್ತು. ಮನೆಯಲ್ಲಿ ಕೂತ ಮೇಲೂ ನೆಂಟರು, ಹಳೆಯ ರೋಗಿಗಳ ಕಡೆಯವರು, ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವ ಹುಡುಗ-ಹುಡುಗಿಯರು ಫೋನಿನಲ್ಲೋ ಪತ್ರದಲ್ಲೋ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಮಾರ್ಚ್ ತಿಂಗಳ ಮೂರನೇ ಮಂಗಳವಾರ ವಿಶ್ವ ಸಮಾಜಕಾರ್ಯ ದಿನ. ಅದು ಹತ್ತಿರ ಬಂದರೆ "ಅವರಿಗೇನರ ಮಾಡಬೇಕಲ್ರಿ" ಅನ್ನುವವರೂ ಹೆಚ್ಚುತ್ತಾರೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ.

## ಮೊದಲ ಸಲ ಕೇಳುವವರಿಗೆ

ಆಸ್ಪತ್ರ್ಯಾಗ ಸೋಷಿಯಲ್ ವರ್ಕರ್ ಅಂದ್ರ ಯಾರ್ರಿ? ನಾವಂತೂ ಒಬ್ಬರನ್ನೂ ನೋಡಿಲ್ಲ.

ನೋಡಿರುತ್ತೀರಿ, ಗುರುತು ಸಿಕ್ಕಿರುವುದಿಲ್ಲ. ಬಿಳಿ ಕೋಟಿಲ್ಲ, ಕೊರಳಲ್ಲಿ ಸ್ಟೆಥೊಸ್ಕೋಪ್ ಇಲ್ಲ, ಕೈಯಲ್ಲಿ ಒಂದು ಫೈಲು, ಕಿವಿಗೆ ಫೋನು. ಬಾಗಿಲ ಮೇಲಿನ ಬೋರ್ಡು ಕೂಡ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಮೆಡಿಕಲ್ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗದಲ್ಲಿ ಅವರು ವೈದ್ಯಕೀಯ ಸಮಾಜ ಕಾರ್ಯಕರ್ತರು, ಮಾನಸಿಕ ರೋಗಗಳ ವಿಭಾಗದಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು. ಎಚ್‌ಐವಿ ಪರೀಕ್ಷೆಯ ಐಸಿಟಿಸಿಯಲ್ಲಿ, ಎಚ್‌ಐವಿ ಔಷಧ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಆಪ್ತ ಸಮಾಲೋಚಕರ ಕುರ್ಚಿಯಲ್ಲಿ ಕೂತವರೂ ಬಹಳಷ್ಟು ಸಲ ಸಮಾಜಕಾರ್ಯ ಓದಿದವರೇ. ಅಪೌಷ್ಟಿಕ ಮಕ್ಕಳನ್ನು ಇರಿಸಿಕೊಳ್ಳುವ ಎನ್‌ಆರ್‌ಸಿಗೆ (ಪೌಷ್ಟಿಕ ಪುನಶ್ಚೇತನ ಕೇಂದ್ರ) ಒಬ್ಬ ಸಮಾಜ ಕಾರ್ಯಕರ್ತರು ಇರಬೇಕೆಂದು ಕೇಂದ್ರದ ಮಾರ್ಗಸೂಚಿಯಲ್ಲೇ ಇದೆ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ಇಂಥ ಕಡೆ ಹೋದಾಗ ವಾರ್ಡಿನ ಸಿಸ್ಟರನ್ನು ನೇರವಾಗಿ ಕೇಳಿ: "ಸಮಾಜ ಕಾರ್ಯಕರ್ತರು ಎಲ್ಲಿ ಕೂಡ್ತಾರ?" ಯಾವ ಕೋಣೆ, ಎಷ್ಟು ಹೊತ್ತಿಗೆ ಸಿಗುತ್ತಾರೆ ಅನ್ನುವುದು ಆಕೆಗೆ ಗೊತ್ತಿರುತ್ತದೆ.

ಹಣ್ಣು-ಬ್ರೆಡ್ ಹಂಚಲಕ್ಕ ಬರೋರು, ಆರೋಗ್ಯ ಮಿತ್ರ, ಆಶಾ ಅಕ್ಕ, ಇವರೆಲ್ಲಾ ಅವರೇ ಏನು?

ಅಲ್ಲ. ಹುಟ್ಟುಹಬ್ಬಕ್ಕೆ ಹಣ್ಣು ಹಂಚುವವರು ದಾನಿಗಳು. ಆರೋಗ್ಯ ಮಿತ್ರರು ಆಯುಷ್ಮಾನ್ ಯೋಜನೆಯ ನೋಂದಣಿ ಮತ್ತು ಮಂಜೂರಾತಿಯ ಕೆಲಸ ನೋಡುತ್ತಾರೆ. ಆಶಾ ನಿಮ್ಮ ಊರಿನಾಕೆ, ಆಸ್ಪತ್ರೆಗೆ ಕರೆತರುವವಳು. ಸಮಾಜ ಕಾರ್ಯಕರ್ತರು ಈ ಎಲ್ಲರ ಜೊತೆ ಮಾತಾಡುತ್ತಾರೆ, ಆದರೆ ಅವರ ಕೆಲಸ ಬೇರೆ. ಪದವಿಯ ಮೇಲೆ ಎರಡು ವರ್ಷ ಎಂಎಸ್‌ಡಬ್ಲ್ಯು ಓದಿ, ಓದುವಾಗಲೇ ವಾರಕ್ಕಿಷ್ಟು ದಿನ ಕ್ಷೇತ್ರಕಾರ್ಯ ಮಾಡಿ, ಸಂಬಳಕ್ಕೆ ಸೇರಿದವರು. "ಪುಣ್ಯದ ಕೆಲಸ ಮಾಡ್ತೀರಿ" ಅಂದರೆ ಅವರೇನೂ ಸಿಟ್ಟಾಗುವುದಿಲ್ಲ. ಆದರೆ ಸರ್ಜನ್‌ನ ಕೈಗುಣ ಹೊಗಳುವಾಗ ನಾವು ಪುಣ್ಯ ಅನ್ನುವುದಿಲ್ಲ, ಬುದ್ಧಿವಂತ ಅನ್ನುತ್ತೇವೆ. ಇವರಿಗೂ ಹಾಗೇ ಅನ್ನಬೇಕು ಅನ್ನುವುದು ನನ್ನ ವಾದ, ಕೆಳಗಿನದೆಲ್ಲ ಅದರದೇ ವಿಸ್ತಾರ.

ಡಾಕ್ಟರ್ ಅದಾರ, ನೀವು ನರ್ಸ್ ಇದ್ರಿ. ಮತ್ತ ಇವರಿಂದ ಆಗೋದೇನು?

ಒಂದು ಮಾದರಿ ಹೇಳುತ್ತೇನೆ. ಒಬ್ಬರ ಕಥೆ ಅಲ್ಲ ಇದು, ಎನ್‌ಆರ್‌ಸಿಯಲ್ಲಿ ತೊಗರಿ ರಾಶಿಯ ಕಾಲಕ್ಕೆ ವರ್ಷ ವರ್ಷ ನಡೆಯುವುದು.

ಚಿಂಚೋಳಿ ಕಡೆಯ ತಾಂಡಾದಿಂದ ಒಬ್ಬ ತಾಯಿ ತೀರ ಸೊರಗಿದ ಮಗುವನ್ನು ಕರಕೊಂಡು ಬಂದಿದ್ದಾಳೆ. ಸಾಮಾನ್ಯವಾಗಿ ಎರಡು ವಾರ ಇರಬೇಕು. ಮೂರನೇ ದಿನಕ್ಕೆ ಆಕೆ ಗಂಟು ಕಟ್ಟುತ್ತಾಳೆ. ಡಾಕ್ಟರು ಗದರುತ್ತಾರೆ, ನಾವು ನರ್ಸುಗಳು ಇನ್ನಷ್ಟು ಗದರುತ್ತೇವೆ. ಆಕೆ ತಲೆ ಎತ್ತುವುದಿಲ್ಲ, ಗಂಟು ಬಿಚ್ಚುವುದೂ ಇಲ್ಲ. ಸಮಾಜ ಕಾರ್ಯಕರ್ತೆ ಬಂದು ಪಕ್ಕದಲ್ಲಿ ಕೂತು ಕೇಳುವ ಮೊದಲ ಪ್ರಶ್ನೆ ಮಗುವಿನದಲ್ಲ: "ಮನ್ಯಾಗ ಯಾರ್ ಅದಾರವ್ವಾ?" ಆಗ ಹೊರಬರುತ್ತದೆ. ಮನೆಯಲ್ಲಿ ಇನ್ನಿಬ್ಬರು ಮಕ್ಕಳು, ಗಂಡ ಪುಣೆಯಲ್ಲಿ ಸೆಂಟ್ರಿಂಗ್ ಕೆಲಸಕ್ಕೆ, ಅತ್ತೆಗೆ ಕಣ್ಣು ಕಾಣುವುದಿಲ್ಲ, ರಾಶಿಯ ಕೂಲಿ ಬಿಟ್ಟರೆ ಸಂತೆಗೆ ದುಡ್ಡಿಲ್ಲ. ಇನ್ನು ಕೆಲಸ ಶುರು. ಊರಿನ ಅಂಗನವಾಡಿ ಕಾರ್ಯಕರ್ತೆಗೆ ಫೋನು: ಆ ಇಬ್ಬರು ಮಕ್ಕಳ ಊಟ ಅಲ್ಲಿ ಆಗಬೇಕು. ಆಶಾಗೆ ಫೋನು: ದಿನಕ್ಕೊಮ್ಮೆ ಮುದುಕಿಯನ್ನು ನೋಡಿ ಬರಬೇಕು. ಎನ್‌ಆರ್‌ಸಿಯಲ್ಲಿ ಉಳಿದ ತಾಯಿಗೆ ಕೂಲಿ ನಷ್ಟಕ್ಕೆ ಪರಿಹಾರ ಕೊಡುವ ವ್ಯವಸ್ಥೆ ಇದೆ, ಅದು ಯಾವ ಖಾತೆಗೆ ಬರುತ್ತದೆ ಅಂತ ನೋಡಬೇಕು, ಖಾತೆ ಗಂಡನ ಹೆಸರಲ್ಲಿದ್ದರೆ ಬೇರೆ ದಾರಿ ಹುಡುಕಬೇಕು. ಪುಣೆಗೆ ಫೋನು ಹಚ್ಚಿ ಗಂಡನ ಬಾಯಿಂದಲೇ "ಇರು" ಅನ್ನಿಸಬೇಕು. ಸಂಜೆಯ ಹೊತ್ತಿಗೆ ಗಂಟು ಬಿಚ್ಚಿರುತ್ತದೆ.

ಕೇಸ್ ಶೀಟಿನಲ್ಲಿ ಏನು ಬರೆದಿರುತ್ತದೆ ಗೊತ್ತೇ? ಮಗುವಿನ ತೂಕ ಇಷ್ಟು ಏರಿತು, ಬಿಡುಗಡೆ ಆಯಿತು, ಅಷ್ಟೇ. ಆ ಫೋನುಗಳು ಎಲ್ಲೂ ಬರೆದಿರುವುದಿಲ್ಲ. ಅವರ ಉಪಕಾರ ನೆನೆಯುವುದು ಕಷ್ಟವಾಗಿರುವುದು ಇದಕ್ಕೇ: ಅವರ ಕೆಲಸ ಚೆನ್ನಾಗಿ ಆದ ದಿನ ವಾರ್ಡಿನಲ್ಲಿ ಏನೂ ಆಗಿರುವುದಿಲ್ಲ.

ಇದು ಹೊಸದಾಗಿ ಬಂದ ಕೆಲಸ ಅಲ್ಲವೇ? ನಮ್ಮ ಕಾಲದಲ್ಲಿ ಇರಲಿಲ್ಲ.

ಹೊಸದಲ್ಲ. 1895ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆ ಮೇರಿ ಸ್ಟೀವರ್ಟ್ ಎಂಬಾಕೆಯನ್ನು ನೇಮಿಸಿತು. ಪುಕ್ಕಟೆ ಚಿಕಿತ್ಸೆಗೆ ಬಂದವರಲ್ಲಿ ನಿಜವಾದ ಬಡವರು ಯಾರು ಅಂತ ಸೋಸುವುದು ಆಕೆಗೆ ಕೊಟ್ಟ ಕೆಲಸ. 1905ರಲ್ಲಿ ಬಾಸ್ಟನ್ನಿನಲ್ಲಿ ರಿಚರ್ಡ್ ಕ್ಯಾಬಟ್ ಎಂಬ ಡಾಕ್ಟರು, ಮನೆಯ ಸ್ಥಿತಿ ತಿಳಿಯದೆ ಬರೆದ ಔಷಧ ಹತ್ತುವುದಿಲ್ಲ ಎಂದು ಕಂಡು ತಮ್ಮ ಆಸ್ಪತ್ರೆಯಲ್ಲಿ ಇದನ್ನು ಆರಂಭಿಸಿದರು. ಮುಂಬಯಿಯಲ್ಲಿ 1936ರಲ್ಲಿ ಟಾಟಾ ಅವರ ಸಮಾಜಕಾರ್ಯ ಶಾಲೆ ತೆರೆಯಿತು, 1946ರಲ್ಲಿ ಅಲ್ಲಿನ ಜೆ.ಜೆ. ಆಸ್ಪತ್ರೆಗೆ ದೇಶದ ಮೊದಲ ವೈದ್ಯಕೀಯ ಸಮಾಜ ಕಾರ್ಯಕರ್ತರು ಬಂದರು.

ನಮ್ಮ ಭಾಗದ ಒಂದು ಸಂಗತಿಯನ್ನೂ ಸೇರಿಸುತ್ತೇನೆ. ಬಿಪಿಎಲ್ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಚಿಕಿತ್ಸೆ ಉಚಿತ ಮಾಡಿದ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ರಾಜ್ಯದಲ್ಲೇ ಮೊದಲು ಜಾರಿಗೆ ಬಂದದ್ದು ಗುಲ್ಬರ್ಗಾ ವಿಭಾಗದಲ್ಲಿ. ಊರೂರಿಗೆ ಶಿಬಿರ ಬಂತು, ಆಪರೇಷನ್ನಿಗೆ ಹಣ ಬಂತು. ಹಣ ಸಿಕ್ಕರೂ ಬೆಂಗಳೂರಿನ ರೈಲು ಹತ್ತಲು ಹೆದರಿ ಕೂತವರನ್ನು ಆಗ ಕಂಡಿದ್ದೇನೆ. ಅಂಥವರ ಜೊತೆ ಕೂತು ಮಾತಾಡಲು ಒಬ್ಬರು ಬೇಕಾಗುತ್ತದೆ ಅನ್ನುವುದು ನನಗೆ ಅರ್ಥವಾದದ್ದು ಆ ವರ್ಷಗಳಲ್ಲಿ.

## ರೋಗಿಯ ಕಡೆಯವರು ಕೇಳುವುದು

ಅವರು ರೊಕ್ಕ ಕೊಡಸ್ತಾರಂತಲ್ಲ, ಖರೇನಾ?

ಅವರ ಕೈಯಲ್ಲಿ ರೊಕ್ಕ ಇರುವುದಿಲ್ಲ. ರೊಕ್ಕ ಇರುವ ಕಡೆಗೆ ಹೋಗುವ ದಾರಿ ಅವರಿಗೆ ಗೊತ್ತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಎಪಿಎಲ್‌ನವರಿಗೆ ಯೋಜನೆ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ. 30 ಮಾತ್ರ, ವರ್ಷಕ್ಕೆ 1.5 ಲಕ್ಷದ ಮಿತಿ. ಬಹಳ ಮಂದಿ ಎಡವುವುದು ಎಲ್ಲಿ ಅಂದರೆ, ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು ಅನ್ನುವುದು ಗೊತ್ತಿರದೆ. ನೇರ ಖಾಸಗಿಗೆ ಹೋಗಿ ದಾಖಲಾಗಿ, ಹೊಲ ಒತ್ತೆ ಇಟ್ಟು, ಆಮೇಲೆ ಕಾರ್ಡು ತೆಗೆಯುತ್ತಾರೆ.

ಇನ್ನೊಂದು, ಹೆಸರಿನ ತಕರಾರು. ಆಧಾರ್‌ನಲ್ಲಿ 'ಶರಣಬಸಪ್ಪ', ರೇಷನ್ ಕಾರ್ಡಿನಲ್ಲಿ 'ಶರಣಪ್ಪ'. ದುಡಿಯಲು ಮುಂಬಯಿ, ಹೈದರಾಬಾದ್ ಕಡೆ ಹೋದವರ ಮಕ್ಕಳ ಹೆಸರು ಕಾರ್ಡಿನಲ್ಲೇ ಇರುವುದಿಲ್ಲ. ರೋಗಿ ಮಂಚದ ಮೇಲಿರುವಾಗ ತಹಶೀಲ್ದಾರ್ ಕಚೇರಿಗೆ ಯಾರು ಅಲೆಯಬೇಕು, ಯಾವ ಕಾಗದ ಇಲ್ಲಿಂದ ಬರೆಸಿಕೊಂಡು ಹೋದರೆ ಒಂದೇ ಸಲಕ್ಕೆ ಆಗುತ್ತದೆ, ಇದನ್ನೆಲ್ಲ ಹೇಳಿ ಕಳಿಸುವವರು ಇವರು. ಕ್ಷಯರೋಗಿಗೆ ಚಿಕಿತ್ಸೆ ಮುಗಿಯುವವರೆಗೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಬರುತ್ತದೆ (2024ರ ನವೆಂಬರ್‌ವರೆಗೆ 500 ಇತ್ತು). ಹೆರಿಗೆಯಾದ ಬಾಣಂತಿಯನ್ನು ಮನೆಗೆ ಬಿಡಲು ನಗು-ಮಗು ವಾಹನ ಇದೆ. ಅತ್ಯಾಚಾರ ಮತ್ತು ಆಸಿಡ್ ದಾಳಿಗೆ ಒಳಗಾದವರಿಗೆ ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿಯಾಗಲಿ ಉಚಿತ ಚಿಕಿತ್ಸೆ ಕೊಡಲೇಬೇಕು ಅಂತ ಕಾನೂನೇ ಇದೆ.

ನಮ್ಮ ಮನಿ ವಿಷಯ ಹೇಳಿದ್ರ ಊರಿಗೆಲ್ಲಾ ಗೊತ್ತಾಗ್ತದೇನು?

ಆಗಬಾರದು. ಎಚ್‌ಐವಿ ಸ್ಥಿತಿಯನ್ನು ಗುಟ್ಟಾಗಿಡಬೇಕು ಅಂತ 2017ರ ಕಾಯ್ದೆ ಹೇಳುತ್ತದೆ, ಮಾನಸಿಕ ಚಿಕಿತ್ಸೆಯ ವಿಷಯಕ್ಕೆ ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆ ಇದೆ. ಒಳ್ಳೆಯ ಕಾರ್ಯಕರ್ತೆ ವಾರ್ಡಿನ ನಡುವೆ ನಿಂತು "ನಿಮ್ಮ ರಿಪೋರ್ಟ್ ಏನಾತ್ರಿ" ಅಂತ ಕೇಳುವುದೇ ಇಲ್ಲ. ಆದರೆ ಒಂದು ವಿಷಯ ಮೊದಲೇ ತಿಳಿದಿರಲಿ. ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ, 2012ರ ಪೋಕ್ಸೊ ಕಾಯ್ದೆಯಂತೆ ಅವರು ಪೊಲೀಸರಿಗೆ ತಿಳಿಸಲೇಬೇಕು. "ಹಿರೇರು ಕೂತು ಬಗೆಹರಿಸ್ತೀವ್ರಿ" ಅಂದರೆ ಅವರು ಒಪ್ಪುವಂತಿಲ್ಲ. ಗರ್ಭಿಣಿಯಾಗಿ ಬಂದ ಬಾಲಕಿಯ ವಿಷಯದಲ್ಲೂ ಹೀಗೇ. ಇದಕ್ಕಾಗಿ ಅವರ ಮೇಲೆ ಕೂಗಾಡಿದ ಮನೆಯವರನ್ನು ನಾನು ನೋಡಿದ್ದೇನೆ. ಆ ಕೂಗಾಟ ಕೇಳಿಕೊಂಡೂ ಮಗುವಿನ ಪಕ್ಕ ನಿಂತದ್ದನ್ನು ಸಹ.

ತಮ್ಮ ಬೆಳಿಗಿ ಹೊಡಿಯೋ ಔಷಧ ಕುಡದಿದ್ದ, ಉಳಕೊಂಡ. ಪೊಲೀಸ್ ಕೇಸ್ ಆಗ್ತದಂತ ಹೆದರಿಕಿ. ಸೋಷಿಯಲ್ ವರ್ಕರ್ ಯಾಕ ಬಂದು ಬಂದು ಮಾತಾಡ್ಸತಾರ?

ಮೊದಲು ಹೆದರಿಕೆಯ ಮಾತು. ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ, ಜೀವ ಕಳೆದುಕೊಳ್ಳಲು ಹೋದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ. ಆರೈಕೆ ಕೊಡುವುದು ಸರ್ಕಾರದ ಹೊಣೆ. ಆಸ್ಪತ್ರೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ವೈದ್ಯಕೀಯ-ಕಾನೂನು ದಾಖಲೆ) ಬರೆಯುತ್ತದೆ, ಪೊಲೀಸರು ಬಂದು ಹೇಳಿಕೆ ಪಡೆಯುತ್ತಾರೆ. ಅದರ ಅರ್ಥ ತಮ್ಮ ಜೈಲಿಗೆ ಹೋಗುತ್ತಾನೆ ಅಂತಲ್ಲ.

ಅವರು ಬಂದು ಬಂದು ಮಾತಾಡಿಸುವುದಕ್ಕೆ ಕಾರಣ ಇದೆ. ನಾವು ಹೊಟ್ಟೆ ತೊಳೆದು, ವಿಷಕ್ಕೆ ಮದ್ದಾದ ಅಟ್ರೋಪಿನ್ ಕೊಟ್ಟು ಜೀವ ಉಳಿಸುತ್ತೇವೆ. ಆದರೆ ಆ ಹುಡುಗ ವಾಪಸ್ ಹೋಗುವುದು ಅದೇ ಮನೆಗೆ, ಅದೇ ಸಾಲಕ್ಕೆ. ಸಾಲ ಯಾರದು, ಮನೆಯಲ್ಲಿ ಅವನು ಯಾರ ಮಾತು ಕೇಳುತ್ತಾನೆ, ಔಷಧದ ಡಬ್ಬಿ ಎಲ್ಲಿಡುತ್ತೀರಿ, ಕೀಲಿ ಹಾಕಿ ಇಡಲಿಕ್ಕಾಗುತ್ತದೆಯೇ, ಮುಂದಿನ ಭೇಟಿಗೆ ಕರಕೊಂಡು ಬರುವವರು ಯಾರು, ಎಲ್ಲವನ್ನೂ ಕೇಳುತ್ತಾರೆ. ಕೆದಕಿದಂತೆ ಅನ್ನಿಸಿದರೂ ಉತ್ತರ ಕೊಡಿ. ಮನೆಗೆ ಹೋದ ಮೇಲೆ ಯಾವ ಹೊತ್ತಿನಲ್ಲಾದರೂ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನಾ ಆರಾಮಾಗಿಲ್ಲ, ಮನಿಗಿ ಒಯ್ಯಿರಿ ಅಂತಾರ. ಸೋಷಿಯಲ್ ವರ್ಕರ್ ಸಹಾ ಆಸ್ಪತ್ರಿ ಕಡೀನೇ ಮಾತಾಡ್ತಾರಲ್ರೀ?

ಈ ಜಗಳದಲ್ಲಿ ನಾನೂ ಒಂದು ಪಕ್ಷ. ನರ್ಸಿಗೆ ಮಂಚ ಖಾಲಿ ಆಗಬೇಕು, ಹೊರಗೆ ನೆಲದ ಮೇಲೆ ಇನ್ನೊಬ್ಬ ಮಲಗಿರುತ್ತಾನೆ. ಎಷ್ಟೋ ಸಲ "ಇನ್ನೆರಡು ದಿನ ಕೊಡ್ರಿ ಸಿಸ್ಟರ್" ಅಂತ ನಮ್ಮ ಹತ್ತಿರ ಜಗಳಾಡಿದವರು ಸಮಾಜ ಕಾರ್ಯಕರ್ತರೇ. ಅದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ಹತ್ತಿರ ಬರುವಾಗ ಅವರು ಮನೆಗೆ ಹೋಗುವ ತಯಾರಿಯ ಮಾತಾಡುತ್ತಿರುತ್ತಾರೆ.

ಲಕ್ವಾ ಹೊಡೆದ ಮುತ್ಯಾನನ್ನು ಮನೆಗೆ ಒಯ್ಯುವುದು ಅಂದರೆ ಬರೀ ಗಾಡಿಯ ಮಾತಲ್ಲ. ಹೊಸ್ತಿಲು ಎಷ್ಟು ಎತ್ತರ? ಶಹಾಬಾದ್ ಪರ್ಸಿಯ ನೆಲ ನೀರು ಬಿದ್ದರೆ ಜಾರುತ್ತದೆ, ಕೋಲು ಹಿಡಿದು ನಡೆಯುವುದು ಹೇಗೆ? ಪಾಯಖಾನೆ ಮನೆಯೊಳಗಿದೆಯೋ ಓಣಿಯಾಚೆಯೋ? ರಾತ್ರಿ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವವರು ಯಾರು, ಸೊಸೆಯೊಬ್ಬಳೇ ಆದರೆ ಆಕೆ ನಿದ್ದೆ ಮಾಡುವುದು ಯಾವಾಗ? ಈ ಪ್ರಶ್ನೆಗಳನ್ನು ಡಾಕ್ಟರ್ ರೌಂಡ್ಸ್‌ನಲ್ಲಿ ಯಾರೂ ಕೇಳುವುದಿಲ್ಲ. ಕೇಳದೆ ಕಳಿಸಿದ ರೋಗಿ ಬೆನ್ನು ಹುಣ್ಣಾಗಿ ತಿಂಗಳೊಳಗೆ ಅದೇ ವಾರ್ಡಿಗೆ ಬರುತ್ತಾನೆ.

ಯಾರೂ ದಿಕ್ಕಿಲ್ಲದವರು, ಹೆಸರೂ ಹೇಳಲಾರದವರು ಬಂದ್ರ ಏನ್ ಮಾಡ್ತಾರ?

ಮುಂಬಯಿ–ಚೆನ್ನೈ ರೈಲು ಮಾರ್ಗ ನಮ್ಮ ಜಿಲ್ಲೆಯನ್ನು ಹಾದು ಹೋಗುವುದರಿಂದ ಕಲಬುರಗಿ, ವಾಡಿ ಸ್ಟೇಷನ್ನುಗಳಿಂದ 108ರಲ್ಲಿ ಇಂಥವರು ಬರುತ್ತಾರೆ. ಪ್ರಜ್ಞೆ ಬಂದ ಮೇಲೆ ಅವರು ಆಡುವ ಮೊದಲ ಮಾತು ಯಾವ ಭಾಷೆಯದು ಅನ್ನುವುದೇ ಸುಳಿವು. ತೆಲುಗೋ, ಮರಾಠಿಯೋ, ದಖನಿಯೋ, ಲಂಬಾಣಿಯೋ? ಕೈಮೇಲಿನ ಹಚ್ಚೆಯಲ್ಲಿ ಹೆಸರಿದೆಯೇ, ಜೇಬಿನಲ್ಲಿ ಬಸ್ಸಿನ ಚೀಟಿ ಇದೆಯೇ? ಅಲ್ಲಿಂದ ಆ ಕಡೆಯ ಪೊಲೀಸ್ ಠಾಣೆಗೆ, ಗ್ರಾಮ ಪಂಚಾಯತಿಗೆ ಫೋನು. ನಮ್ಮ ವಾರ್ಡಿನ ಕಾರ್ಯಕರ್ತರೊಬ್ಬರು ಊರ ಜಾತ್ರೆಯ ಹೆಸರು ಕೇಳಿ ಕೇಳಿಯೇ ತಾಲ್ಲೂಕು ಪತ್ತೆ ಹಚ್ಚುತ್ತಿದ್ದರು. ತನ್ನ ಹೆಸರು ಮರೆತವನಿಗೂ ಜಾತ್ರೆ ನೆನಪಿರುತ್ತದೆ ಅನ್ನುವುದು ಅವರ ಅನುಭವ.

ಮನೆಯವರು ಸಿಕ್ಕರೂ "ನಮಗ ಬ್ಯಾಡ್ರಿ" ಅನ್ನುವುದುಂಟು. ಆಗ ವೃದ್ಧಾಶ್ರಮವೋ ನಿರ್ಗತಿಕರ ಕೇಂದ್ರವೋ ಹುಡುಕಬೇಕು, ಅಲ್ಲಿಯವರೆಗೆ ಊಟ-ಬಟ್ಟೆ ಹೊಂದಿಸಬೇಕು. ಕಲಬುರಗಿಯಲ್ಲಿ ಶರಣಬಸವೇಶ್ವರರ ದಾಸೋಹ, ಬೀದರಿನಲ್ಲಿ ನಾನಕ್ ಝೀರಾದ ಲಂಗರ್ ಇರುವುದರಿಂದ ರೋಗಿಯ ಜೊತೆ ಬಂದವರ ಒಂದು ಹೊತ್ತಿನ ಊಟದ ಚಿಂತೆ ಸ್ವಲ್ಪ ಹಗುರ.

ಮಿದುಳು ಸತ್ತದ ಅಂದ್ರು. ಸ್ವಲ್ಪ ಹೊತ್ತಿಗೇ ಒಬ್ಬಾಕಿ ಬಂದು ಅಂಗದಾನ ಕೇಳಿದ್ಳು. ಅಂಥಾ ಹೊತ್ತಿನ್ಯಾಗ ಕೇಳೋದು ತಪ್ಪಲ್ಲೇನು?

ಆಕೆ ಕಸಿ ಸಂಯೋಜಕಿ. 1994ರ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ಆದ ತಿದ್ದುಪಡಿಯ ಪ್ರಕಾರ ನೋಂದಾಯಿತ ಆಸ್ಪತ್ರೆಯಲ್ಲಿ ಸಂಯೋಜಕರು ಇರಲೇಬೇಕು, ಮನೆಯವರನ್ನು ಕೇಳಲೂಬೇಕು. ಸಮಾಜಕಾರ್ಯ ಓದಿದವರು ಈ ಹುದ್ದೆಗೆ ಬರುತ್ತಾರೆ. ಮಿದುಳು ಸತ್ತದ್ದನ್ನು ತೀರ್ಮಾನಿಸುವುದು ಆಕೆಯಲ್ಲ, ನಾಲ್ವರು ವೈದ್ಯರ ಮಂಡಳಿ, ಅದೂ ಕನಿಷ್ಠ 6 ಗಂಟೆಯ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ. ನೀವು ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಎದೆ ಬಡಿಯುತ್ತಿರುವುದು ಕಣ್ಣಿಗೆ ಕಾಣುತ್ತಿರುವಾಗ "ಹೋಗ್ಯಾನ" ಅನ್ನುವುದನ್ನು ಒಬ್ಬ ತಾಯಿಗೆ ಅರ್ಥಮಾಡಿಸಿ, ಆಕೆ ಬೈದರೆ ಬೈಸಿಕೊಂಡು, ಬೇಡ ಅಂದಮೇಲೂ ಹೆಣ ಮನೆಗೆ ಒಯ್ಯುವ ಕಾಗದಪತ್ರಕ್ಕೆ ಓಡಾಡುವ ಕೆಲಸ ಅದು. ನಾನಾಗಿದ್ದರೆ ಮಾಡಲಾರೆ.

## ಉಪಕಾರ ನೆನೆಯಬೇಕು ಅನ್ನುವವರಿಗೆ

ಕನ್ನಡ ಭವನದಾಗ ಶಾಲು ಹೊದಿಸಿ ಸನ್ಮಾನ ಮಾಡಬೇಕಂತ ಮಾಡೀವಿ. ಹೆಸರು ಹೇಳ್ರಿ.

ಮಾಡಿ, ಬೇಡ ಅನ್ನುವುದಿಲ್ಲ. ಆದರೆ ನಮ್ಮ ಸನ್ಮಾನಗಳ ಪರಿ ನಿಮಗೂ ಗೊತ್ತು: ಅತಿಥಿಗಳ ಭಾಷಣ ಎರಡು ತಾಸು, ಸನ್ಮಾನಿತರ ಬಗ್ಗೆ ಎರಡು ಸಾಲು, ಅದರಲ್ಲೂ ಹೆಸರು ತಪ್ಪು. ಶಾಲು ಹೊದಿಸುವವರು ಒಂದು ಕೆಲಸ ಮಾಡಿ. ವೇದಿಕೆಯ ಮೇಲೆ ಆಕೆ ಏನು ಮಾಡಿದಳು ಅನ್ನುವುದನ್ನು ಗೊತ್ತಿದ್ದವರು ಐದು ನಿಮಿಷ ಹೇಳಲಿ. "ನಿಸ್ವಾರ್ಥ ಸೇವೆ", "ಮಾತೃಹೃದಯ" ಇವೆಲ್ಲ ಬೇಡ. ಯಾವ ಕಾಗದ, ಯಾವ ಕಚೇರಿ, ಯಾವ ಗಂಟು ಬಿಚ್ಚಿದಳು, ಅದನ್ನು ಹೇಳಲಿ. ರೋಗಿಯನ್ನು ಮಾತ್ರ ವೇದಿಕೆಗೆ ಕರೆಯಬೇಡಿ, ಫೋಟೊ ಬೇಡ, ಹೆಸರು ಬೇಡ. ತನ್ನ ಸನ್ಮಾನಕ್ಕಾಗಿ ರೋಗಿಯ ಗುಟ್ಟು ಬಯಲಾಗುವುದು ಯಾವ ಒಳ್ಳೆಯ ಕಾರ್ಯಕರ್ತೆಗೂ ಹಿಡಿಸುವುದಿಲ್ಲ.

ಪ್ರೀತಿಲೆ ಏನರ ಕೊಡಬಹುದಾ? ಹೊಲದ ತೊಗರಿ ಬ್ಯಾಳಿ?

ರೊಕ್ಕ, ಬಂಗಾರ, ಸೀರೆ ಬೇಡ. ಸರ್ಕಾರಿ ನೌಕರರಿಗೆ ನಡತೆ ನಿಯಮಗಳಿವೆ. ನಿಮ್ಮ ಪ್ರೀತಿ ಅವರಿಗೆ ನೋಟಿಸ್ ತಂದೀತು. ಬೇಳೆ ತರಲೇಬೇಕು ಅನ್ನಿಸಿದರೆ ಇಡೀ ವಾರ್ಡಿನವರ ಎದುರು, ಎಲ್ಲರಿಗೂ ಅಂತ ಕೊಡಿ, ಅದೂ ಬಿಡುಗಡೆ ಆದ ಮೇಲೆ. ನಮ್ಮ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಬಂದಿದೆ ಅಂತ ಹೇಳಿಕೊಂಡೇ ಕೊಡುವವರೂ ಇದ್ದಾರೆ!

ಪತ್ರ ಬರೀಬೇಕಂದ್ರ ಯಾರಿಗಿ, ಹ್ಯಾಂಗ ಬರೀಬೇಕು?

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಉಪಯೋಗದ್ದು ಇದೇ. ಎಷ್ಟೋ ಸಮಾಜ ಕಾರ್ಯಕರ್ತರು ಗುತ್ತಿಗೆಯ ಮೇಲಿರುತ್ತಾರೆ, ಒಪ್ಪಂದ ನವೀಕರಣವಾಗುತ್ತಾ ಹೋಗಬೇಕು. ಡಾಕ್ಟರ ಕೆಲಸ ಆಪರೇಷನ್ ಲೆಕ್ಕದಲ್ಲಿ ಕಾಣುತ್ತದೆ, ಇವರದು ಕಾಣುವುದಿಲ್ಲ. ಫೈಲಿಗೆ ಸೇರಿದ ಒಂದು ಕಾಗದ ಆಗ ಮಾತಾಡುತ್ತದೆ. ವೈದ್ಯಕೀಯ ಅಧೀಕ್ಷಕರ ಹೆಸರಿಗೆ ಬರೆದು, ಒಂದು ಪ್ರತಿಯನ್ನು ಆ ವಿಭಾಗದ ಮುಖ್ಯಸ್ಥರಿಗೆ, ಇನ್ನೊಂದನ್ನು ಕಾರ್ಯಕರ್ತರಿಗೆ ಕೊಡಿ. ಕಚೇರಿಯಲ್ಲಿ ಸ್ವೀಕೃತಿ ಸಿಕ್ಕಾ ಹಾಕಿಸಿಕೊಳ್ಳಿ. ಕೈಬರಹವೇ ಸಾಕು. ಹೀಗಿರಲಿ:

"ಮಾನ್ಯರೇ, ನಮ್ಮ ತಂದೆಯವರು ಜನವರಿಯಲ್ಲಿ ನಿಮ್ಮ ಆಸ್ಪತ್ರೆಯಲ್ಲಿ ದಾಖಲಾಗಿದ್ದರು. ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಿದ್ದರಿಂದ ಯೋಜನೆಯ ಮಂಜೂರಾತಿ ಸಿಗಲಿಲ್ಲ, ಡಿಸ್ಚಾರ್ಜ್ ಮಾಡಿಸಿಕೊಂಡು ಹೋಗಲು ಹೊರಟಿದ್ದೆವು. ಸಮಾಜ ಕಾರ್ಯಕರ್ತರಾದ ಇಂಥವರು ನಮ್ಮನ್ನು ತಡೆದು, ಬೇಕಾದ ದೃಢೀಕರಣವನ್ನು ಅಂದೇ ವೈದ್ಯರಿಂದ ಬರೆಸಿ ಕೊಟ್ಟು, ಜೇವರ್ಗಿಯ ಕಚೇರಿಯಲ್ಲಿ ಯಾರನ್ನು ಕಾಣಬೇಕೆಂದು ತಿಳಿಸಿದರು. ಎರಡು ದಿನದಲ್ಲಿ ಹೆಸರು ಸರಿಯಾಯಿತು, ಆಪರೇಷನ್ ಆಯಿತು. ಬಿಡುಗಡೆಯಾದ ನಂತರವೂ ಎರಡು ಸಲ ಫೋನ್ ಮಾಡಿ ವಿಚಾರಿಸಿದ್ದಾರೆ. ಇದನ್ನು ಅವರ ಸೇವಾ ದಾಖಲೆಯಲ್ಲಿ ಸೇರಿಸಬೇಕೆಂದು ವಿನಂತಿ."

ಏನು ಕೆಡುವುದರಲ್ಲಿತ್ತು, ಅವರು ಏನು ಮಾಡಿದರು, ಆಮೇಲೆ ಏನಾಯಿತು ಅನ್ನುವುದು ಇದರಲ್ಲಿ ಇದೆ. ದೇವರ ಹಾಗೆ ಬಂದರು ಅಂತ ಬರೆದರೆ ಓದಲು ಚೆಂದ, ಆಡಳಿತದವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಕಾಯಿಲೆಯ ಹೆಸರು ಬರೆಯಬೇಕಾಗಿಲ್ಲ.

ನಮ್ಮ ಪಾಲಿಗೆ ಬಂದವರು ಸರಿ ಮಾತಾಡಲೇ ಇಲ್ಲ. ಅವರನ್ನೂ ಹೊಗಳಬೇಕಾ?

ಬೇಡ. ದೂರು ಇದ್ದರೆ ಅದನ್ನೂ ಅಧೀಕ್ಷಕರಿಗೇ ಬರೆಯಿರಿ, ದಿನಾಂಕ ಸಹಿತ. ಕೆಲಸವನ್ನು ಕೆಲಸ ಅಂತ ಗೌರವಿಸುವವರು ಅದು ಕೆಟ್ಟಾಗಲೂ ಹೇಳಬೇಕಾಗುತ್ತದೆ.

## ಒಳಗಿನವರು, ಓದುವವರು, ಆಡಳಿತದವರು ಕೇಳುವುದು

ನಾನು ಪಿಜಿ ಡಾಕ್ಟರ್. ನಮ್ಮ ಘಟಕದ ಸಮಾಜ ಕಾರ್ಯಕರ್ತರಿಗೆ ನಾವು ಹೇಗೆ ಗೌರವ ತೋರಿಸಬಹುದು, ಸಿಸ್ಟರ್?

ಬಿಡುಗಡೆಯ ದಿನ ಮಧ್ಯಾಹ್ನ ಕರೆಯಬೇಡಿ, ಡಾಕ್ಟ್ರೇ. "ಪೇಷೆಂಟ್ ಕಡೆಯವರು ಜಗಳ ಮಾಡ್ತಿದಾರೆ, ಸ್ವಲ್ಪ ಬಂದು ಹೇಳಿ" ಅಂತ ಕರೆಯುವುದಕ್ಕಿಂತ ದೊಡ್ಡ ಅಗೌರವ ಇಲ್ಲ. ದಾಖಲಾದ ಮರುದಿನವೇ ತಿಳಿಸಿ. ಕೇಸ್ ಶೀಟಿನಲ್ಲಿ ಅವರು ಬರೆಯಲು ಜಾಗ ಕೊಡಿ, ಬರೆದದ್ದನ್ನು ಓದಿ. ರೌಂಡ್ಸ್‌ನಲ್ಲಿ ಪಕ್ಕಕ್ಕೆ ನಿಲ್ಲಿಸಿಕೊಂಡು ಒಂದು ಪ್ರಶ್ನೆ ಕೇಳಿ: "ಇವರು ಔಷಧ ಯಾಕೆ ಬಿಟ್ಟರು?" ರೋಗಿ ಹಟಮಾರಿ ಅಂತ ನೀವು ಬರೆದಿರುತ್ತೀರಿ. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಸೇಡಂನಿಂದ ಬರುವವನಿಗೆ ಬೆಳಗಿನ ಸರದಿ ಕೊಟ್ಟರೆ ಹಿಂದಿನ ರಾತ್ರಿಯೇ ಬಂದು ಮಲಗಬೇಕು ಅನ್ನುವುದು ಅವರಿಗೆ ಗೊತ್ತಿರುತ್ತದೆ. ಶಕ್ತಿ ಯೋಜನೆಯಿಂದ ಹೆಂಡತಿಗೆ ಬಸ್ ಪುಕ್ಕಟೆ, ಅವನಿಗೆ ಟಿಕೆಟ್ಟು. ಸರದಿ ಬದಲಿಸಿದರೆ ಹಟ ಹೋಗುತ್ತದೆ.

ದಿನಾ ಇಂಥಾದ್ದನ್ನೇ ನೋಡಿ ಅವರ ಮನಸ್ಸಿಗೆ ಏನೂ ಆಗೋದಿಲ್ವಾ?

ಆಗುತ್ತದೆ. ನಮಗೆ ಪಾಳಿ ಮುಗಿದರೆ ಇನ್ನೊಬ್ಬ ಸಿಸ್ಟರ್ ಬರುತ್ತಾಳೆ, ಅವರ ಫೋನ್ ನಂಬರಿಗೆ ಪಾಳಿ ಇಲ್ಲ. ರಾತ್ರಿ ಹತ್ತಕ್ಕೂ "ಮೇಡಂ, ಅಪ್ಪಗ ಉಸಿರು ಹತ್ತಲಕತ್ತದ" ಅಂತ ಕರೆ. ಮೆಚ್ಚುಗೆ ಇರುವವರು ಅವರ ಸ್ವಂತ ನಂಬರನ್ನು ಊರಿಗೆಲ್ಲ ಹಂಚಬೇಡಿ, ತುರ್ತಿಗೆ 108 ಇದೆ. ಆಡಳಿತದವರು ಮಾಡಬೇಕಾದದ್ದು ಇನ್ನೂ ಸುಲಭ: ಬಾಗಿಲಿರುವ ಒಂದು ಕೋಣೆ, ಆಸ್ಪತ್ರೆಯದೇ ಒಂದು ಫೋನು, ಸಾವು ಕಂಡ ವಾರ ಒಂದು ದಿನ ರಜೆ. ಮೆಟ್ಟಿಲ ಕೆಳಗೆ ಟೇಬಲ್ ಹಾಕಿ ಕೊಟ್ಟು, ಅಲ್ಲಿ ಕೂತು ಅತ್ಯಾಚಾರಕ್ಕೆ ಒಳಗಾದ ಹುಡುಗಿಯ ಹತ್ತಿರ ಮಾತಾಡಿರಿ ಅಂದರೆ ಹೇಗೆ ಮಾತಾಡಬೇಕು?

ಮಗಳು ಎಂಎಸ್‌ಡಬ್ಲ್ಯು ಮಾಡ್ತೀನಿ ಅಂತಾಳ. ಕಳಸಬಹುದಾ?

ಕಳಿಸಿ. ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲೂ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಸಮಾಜಕಾರ್ಯ ವಿಭಾಗ ಇದೆ, ಆಸ್ಪತ್ರೆಯ ಕೆಲಸ ಬೇಕಿದ್ದರೆ ವೈದ್ಯಕೀಯ ಮತ್ತು ಮನೋವೈದ್ಯಕೀಯ ವಿಷಯ ಆರಿಸಿಕೊಳ್ಳಲಿ. ಮಾನಸಿಕ ಆರೋಗ್ಯ ಕಾಯ್ದೆಯು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಅಂತ ಒಪ್ಪುವುದು ಎಂಎಸ್‌ಡಬ್ಲ್ಯು ಮೇಲೆ ಎರಡು ವರ್ಷದ ಎಂಫಿಲ್ ಮುಗಿಸಿದವರನ್ನು. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಹೆಸರಾದದ್ದು. 2021ರ ಸಂಬದ್ಧ ಆರೋಗ್ಯ ವೃತ್ತಿಗಳ ಕಾಯ್ದೆಯ ಪಟ್ಟಿಯಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರ ಹೆಸರೂ ಸೇರಿದೆ. ಸಂಬಳ ದೊಡ್ಡದಲ್ಲ, ಮೊದಲೇ ಹೇಳಿಬಿಡಿ. ದಖನಿ ಉರ್ದು ಮತ್ತು ಲಂಬಾಣಿ ನಾಲ್ಕು ಮಾತು ಬಂದರೆ ನಮ್ಮ ಭಾಗದ ವಾರ್ಡಿನಲ್ಲಿ ಅದೇ ಅರ್ಧ ಪದವಿ.

ಆಡಳಿತದಲ್ಲಿರುವವನು ನಾನು. ಮೆಚ್ಚುಗೆ ಸರಿ, ಆದರೆ ಇವರ ಕೆಲಸವನ್ನು ಲೆಕ್ಕದಲ್ಲಿ ತೋರಿಸುವುದು ಹೇಗೆ?

"ಇಷ್ಟು ಜನರಿಗೆ ಕೌನ್ಸೆಲಿಂಗ್" ಅನ್ನುವ ಸಂಖ್ಯೆ ಬಿಡಿ. ಅದನ್ನು ತುಂಬಿಸುವುದು ಸುಲಭ, ಹಾಗಾಗಿಯೇ ಎಲ್ಲರೂ ತುಂಬಿಸುತ್ತಾರೆ. ನಿಮ್ಮ ಹತ್ತಿರ ಈಗಾಗಲೇ ಇರುವ ದಾಖಲೆಗಳನ್ನು ನೋಡಿ. ವೈದ್ಯರ ಸಲಹೆ ಮೀರಿ ರೋಗಿಯನ್ನು ಕರಕೊಂಡು ಹೋದವರ ಸಹಿ ಇರುವ ರಿಜಿಸ್ಟರ್ ಪ್ರತಿ ವಾರ್ಡಿನಲ್ಲೂ ಇದೆ. ಸಮಾಜ ಕಾರ್ಯಕರ್ತರು ಇರುವ ವಾರ್ಡು, ಇಲ್ಲದ ವಾರ್ಡು ಎರಡನ್ನೂ ಪಕ್ಕಪಕ್ಕ ಇಟ್ಟು ಆರು ತಿಂಗಳು ನೋಡಿ. ಎನ್‌ಆರ್‌ಸಿಯಲ್ಲಿ ಅವಧಿ ಮುಗಿಯುವ ಮೊದಲೇ ಹೋದ ಮಕ್ಕಳೆಷ್ಟು, ಕ್ಷಯರೋಗದ ಔಷಧ ನಡುವೆ ಬಿಟ್ಟವರೆಷ್ಟು, ದಾಖಲಾದ ದಿನಕ್ಕೂ ಯೋಜನೆಯ ಮಂಜೂರಾತಿಗೂ ನಡುವೆ ಎಷ್ಟು ದಿನ, ಇವೆಲ್ಲ ಬರೆದಿಟ್ಟದ್ದೇ ಇದೆ. ಹೋಲಿಸುವಾಗ ರಾಶಿಯ ತಿಂಗಳುಗಳನ್ನು ಬೇರೆ ತೆಗೆದು ನೋಡಬೇಕು, ಡಿಸೆಂಬರ್–ಜನವರಿಯಲ್ಲಿ ಎಲ್ಲ ವಾರ್ಡಿನಲ್ಲೂ ಹೋಗುವವರು ಹೆಚ್ಚು. ಸಹಿ ಮಾಡಿಸಿಕೊಳ್ಳುವಾಗ ಕಾರಣದ ಕಾಲಂ ಖಾಲಿ ಬಿಡದಂತೆ ವಾರ್ಡಿನ ಸಿಸ್ಟರಿಗೂ ಹೇಳಿಡಿ, ನಾವು ಬಹಳ ಸಲ ಅಲ್ಲಿ ಒಂದು ಗೆರೆ ಎಳೆದುಬಿಡುತ್ತೇವೆ.